ಬ್ಯಾಟರಿ ಡೌನ್ ಆದಮೇಲೆ ಕಾರಿನ ಟಚ್ ಸ್ಕ್ರೀನ್ ಆನ್ ಆಗುತ್ತಿಲ್ಲ, ಹೊಸದು ಹಾಕಿಸಬೇಕಾ?

ಈಗಲೇ ಬೇಡ. ಊರಿಗೆ ಹೋಗಿ ಬರುವಷ್ಟರಲ್ಲಿ ಬೇಸ್‌ಮೆಂಟಿನಲ್ಲಿದ್ದ ಕಾರಿನ ಬ್ಯಾಟರಿ ಪೂರ್ತಿ ಇಳಿದಿತ್ತು, ಪಕ್ಕದ ಮನೆಯವರ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡಿದಿರಿ, ಇಂಜಿನ್ ಶುರುವಾಯಿತು, ಸ್ಕ್ರೀನ್ ಮಾತ್ರ ಕಪ್ಪಗೇ ಇದೆ ಅಂತ ಬರೆದಿದ್ದೀರಿ. ಕೊನೆಯ ಸಾಲಿನಲ್ಲಿ, ಒಳಗಿನ ರೂಫ್ ಲೈಟ್ ಕೂಡ ಉರಿಯುತ್ತಿಲ್ಲ ಅಂದಿದ್ದೀರಲ್ಲ, ನನ್ನ ಕಣ್ಣು ಮೊದಲು ಹೋಗಿದ್ದು ಅಲ್ಲಿಗೆ.

ಟಚ್ ಸ್ಕ್ರೀನ್ ಅಂದರೆ ಕಾರಿನ ಮ್ಯೂಸಿಕ್ ಸಿಸ್ಟಮ್, ಅದಕ್ಕೆ ಕರೆಂಟ್ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಕೀ ತಿರುಗಿಸಿದಾಗ ಮಾತ್ರ ಬರುವ ವೈರ್. ಇನ್ನೊಂದು, ಕೀ ತೆಗೆದರೂ ಬ್ಯಾಟರಿಯಿಂದ ಸದಾ ಬರುತ್ತಲೇ ಇರುವ ವೈರ್. ಗಡಿಯಾರ, ಸ್ಟೇಷನ್‌ಗಳು, ಸೆಟ್ಟಿಂಗ್ ಎಲ್ಲ ಉಳಿಯುವುದು ಈ ಎರಡನೆಯದರಿಂದ. ಈ ವೈರ್‌ಗೆ ಒಂದು ಫ್ಯೂಸ್ ಇರುತ್ತದೆ, ಎಷ್ಟೋ ಕಾರುಗಳಲ್ಲಿ ರೂಫ್ ಲೈಟ್‌ಗೂ ಅದೇ ಫ್ಯೂಸ್. ಹಾಗಾಗಿ ಎರಡೂ ಒಟ್ಟಿಗೆ ಹೋಗಿದ್ದರೆ ಸ್ಕ್ರೀನ್ ಕೆಟ್ಟಿರುವುದಕ್ಕಿಂತ ಫ್ಯೂಸ್ ಹೋಗಿರುವ ಸಾಧ್ಯತೆಯೇ ಜಾಸ್ತಿ. ಜಂಪ್ ಕೇಬಲ್ ಹಾಕುವಾಗ ಕ್ಲಿಪ್ ಒಂದು ಕ್ಷಣ ತಪ್ಪು ಜಾಗಕ್ಕೆ ತಾಗಿ ಚಟ್ ಅಂತ ಕಿಡಿ ಹಾರಿದರೂ ಸಾಕು, ಫ್ಯೂಸ್ ಹೋಗಬಹುದು. ಅದು ಇರುವುದೇ ಅದಕ್ಕೆ.

ಕಳೆದ ಮಳೆಗಾಲದಲ್ಲಿ ನಮ್ಮ ಭಾವನ ಕಾರಿಗೂ ಹೀಗೇ ಆಗಿತ್ತು. ಯೂನಿಟ್ಟೇ, ಅಂದರೆ ಸ್ಕ್ರೀನ್ ಸೆಟ್ ಪೂರ್ತಿ, ಬದಲಿಸಬೇಕು ಅಂತ ಒಂದು ವರ್ಕ್‌ಶಾಪ್‌ನಲ್ಲಿ ಹೇಳಿ ಕಳಿಸಿದ್ದರು. ಮನೆಗೆ ತಂದ ಮೇಲೆ ಸ್ಟೀರಿಂಗ್ ಕೆಳಗಿನ ಫ್ಯೂಸ್ ಬಾಕ್ಸ್ ತೆಗೆದು, ಒಂದು ನೀಲಿ ಫ್ಯೂಸ್ ಎಳೆದು ಬೆಳಕಿಗೆ ಹಿಡಿದೆವು. ಒಳಗಿನ ಸಣ್ಣ ಪಟ್ಟಿ ನಡುವೆ ತುಂಡಾಗಿತ್ತು, ಪ್ಲಾಸ್ಟಿಕ್‌ನ ಒಳಗೋಡೆಗೆ ಕಪ್ಪು ಮಸಿ ಹತ್ತಿತ್ತು. ಹೊಸದು ಹಾಕಿದ ತಕ್ಷಣ ರೂಫ್ ಲೈಟ್ ಹೊತ್ತಿಕೊಂಡಿತು. ಸ್ಕ್ರೀನ್‌ನಲ್ಲಿ ಲೋಗೋ ಬರಲು ಇನ್ನೊಂದಿಷ್ಟು ಹೊತ್ತು ಹಿಡಿಯಿತು, ಅಷ್ಟೇ.

ನೀವೂ ಕೀ ಆಫ್ ಮಾಡಿ ಅದೇ ಜಾಗ ನೋಡಿ. ಮುಚ್ಚಳದ ಒಳಮೈಯಲ್ಲಿ ಅಥವಾ ಮ್ಯಾನುಯಲ್‌ನಲ್ಲಿ ಯಾವ ಫ್ಯೂಸ್ ಯಾವುದಕ್ಕೆ ಅಂತ ಚಾರ್ಟ್ ಇರುತ್ತದೆ. ಆಡಿಯೋ, ರೇಡಿಯೋ, ರೂಮ್, ಡೋಮ್, ಬ್ಯಾಕಪ್, ಮೆಮೊರಿ, ಇವುಗಳಲ್ಲಿ ಯಾವ ಹೆಸರಿದ್ದರೂ ಎಳೆದು ನೋಡಿ. ಇಂಜಿನ್ ಪಕ್ಕ ಇನ್ನೊಂದು ಫ್ಯೂಸ್ ಬಾಕ್ಸ್ ಇರುತ್ತದೆ, ಅದನ್ನೂ ಬಿಡಬೇಡಿ. ಹೊಸ ಫ್ಯೂಸ್ ಅಷ್ಟೇ ಆಂಪಿಯರ್‌ನದ್ದಾಗಿರಬೇಕು: ಕೆಂಪು 10, ನೀಲಿ 15, ಹಳದಿ 20. ಫ್ಯೂಸ್ ಇಲ್ಲ ಅಂತ ತಂತಿ ಸುತ್ತುವುದು, ದೊಡ್ಡ ಆಂಪಿಯರ್ ಹಾಕುವುದು ದಯವಿಟ್ಟು ಬೇಡ. ಒಳಗೆ ಶಾರ್ಟ್ ಇದ್ದರೆ ಫ್ಯೂಸ್ ಬದಲು ವೈರಿಂಗ್ ಸುಡುತ್ತದೆ. ಹೊಸ ಫ್ಯೂಸ್ ಕೂಡ ಹಾಕಿದ ತಕ್ಷಣ ಹೋದರೆ ಅಲ್ಲಿಗೇ ನಿಲ್ಲಿಸಿ, ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಕಾರು ಯಾವುದು ಅಂತ ನೀವು ಬರೆದಿಲ್ಲ. ಹ್ಯುಂಡೈ ಅಥವಾ ಕಿಯಾ ಆಗಿದ್ದರೆ, ಹಲವು ಮಾಡೆಲ್‌ಗಳಲ್ಲಿ ಒಳಗಿನ ಫ್ಯೂಸ್ ಬಾಕ್ಸ್‌ನಲ್ಲೇ ಫ್ಯೂಸ್ ಸ್ವಿಚ್ ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ. ಕಾರನ್ನು ತುಂಬಾ ದಿನ ನಿಲ್ಲಿಸುವಾಗ ಬ್ಯಾಟರಿ ಉಳಿಸಲು ಕೊಟ್ಟಿರುವುದು ಅದು. ಯಾರಾದರೂ ಅದನ್ನು ಆಫ್ ಮಾಡಿದ್ದರೆ ಆಡಿಯೋ, ಗಡಿಯಾರ, ಒಳಗಿನ ಲೈಟ್ ಎಲ್ಲ ಬಂದ್. ಫ್ಯೂಸ್ ಎಳೆಯುವ ಮುಂಚೆಯೇ ಅದು ಆನ್ ಇದೆಯಾ ನೋಡಿಬಿಡಿ.

ಫ್ಯೂಸ್ ಸರಿಯಿದ್ದು, ಸ್ಕ್ರೀನ್ ಲೋಗೋ ತೋರಿಸಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ ಕಥೆ ಬೇರೆ. ಬಹುಶಃ ಬ್ಯಾಟರಿ ಇನ್ನೂ ತುಂಬಿಲ್ಲ ಅಂತ ಅರ್ಥ ಮಾಡಿಕೊಳ್ಳಿ. ಜಂಪ್ ಮಾಡಿ ಹತ್ತು ನಿಮಿಷ ಇಂಜಿನ್ ಓಡಿಸಿದರೆ ಪೂರ್ತಿ ಇಳಿದ ಬ್ಯಾಟರಿ ತುಂಬುವುದಿಲ್ಲ. ಎಷ್ಟು ತುಂಬಿದೆ ಅಂತ ನೋಡಲು ವೋಲ್ಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿ ನಿಲ್ಲಿಸಿದ ಕಾರಿನಲ್ಲಿ ಬೆಳಿಗ್ಗೆ 12.6 ವೋಲ್ಟ್ ಹತ್ತಿರ ಬರಬೇಕು, 12.2 ಅಂದರೆ ಅರ್ಧ ಮಾತ್ರ ಇದೆ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಅಷ್ಟು ಬರದಿದ್ದರೆ ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಕಡೆ ನೋಡಬೇಕು. ಬೆಳಗಿನ ವೋಲ್ಟ್ ಕಡಿಮೆ ಇದ್ದರೆ ಬ್ಯಾಟರಿ ಬಿಚ್ಚಿ ಅಂಗಡಿಯಲ್ಲಿ ರಾತ್ರಿಯಿಡೀ ಚಾರ್ಜ್‌ಗೆ ಹಾಕಿಸಿ ಬನ್ನಿ. ಎಷ್ಟೋ ಸ್ಕ್ರೀನ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಟರ್ಮಿನಲ್ ಕೈಯಲ್ಲಿ ಅಲುಗಾಡಿದರೆ ಸ್ಪ್ಯಾನರ್‌ನಲ್ಲಿ ಬಿಗಿಮಾಡಿ.

ಆಮೇಲೆ ರೀಸೆಟ್. ಕೆಲವು ಯೂನಿಟ್‌ಗಳ ಮುಂಭಾಗದಲ್ಲಿ ಸಣ್ಣ ತೂತು ಇರುತ್ತದೆ, ಸಿಮ್ ಪಿನ್‌ನಿಂದ ಮೆತ್ತಗೆ ಒತ್ತಬೇಕು. ಇನ್ನು ಕೆಲವಕ್ಕೆ ಪವರ್ ಬಟನ್ ಒತ್ತಿಹಿಡಿಯಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಅಂತ ಕೇಳಿದರೆ, ಬ್ಯಾಟರಿ ಪೂರ್ತಿ ತುಂಬುವ ತನಕ ಒಪ್ಪಬೇಡಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ನಿಜವಾಗಿಯೂ ಯೂನಿಟ್ ಹೋಗಬಹುದು.

ಕರೆಂಟ್ ಬಂದ ಮೇಲೆ ಸ್ಕ್ರೀನ್ ಕೋಡ್ ಕೇಳಿದರೆ ಗಾಬರಿ ಆಗಬೇಡಿ. ಹಳೆಯ ಹೋಂಡಾ, ಸ್ಕೋಡಾ, ಫೋಕ್ಸ್‌ವ್ಯಾಗನ್ ಸ್ಟೀರಿಯೋಗಳು ಕಳ್ಳತನ ತಡೆಯಲು ಹಾಗೆ ಮಾಡುತ್ತವೆ. ಕೋಡ್ ಇರುವ ಕಾರ್ಡ್ ಮ್ಯಾನುಯಲ್ ಜೊತೆ ಇರುತ್ತದೆ. ಸುಮ್ನೆ ಊಹಿಸಿ ಒತ್ತುತ್ತಾ ಹೋದರೆ ಲಾಕ್ ಆಗಿಬಿಡುತ್ತದೆ.

ಸ್ಕ್ರೀನ್ ಬಂದು ಗಡಿಯಾರ ಮಾತ್ರ ತಪ್ಪು ತೋರಿಸಿದರೆ ಕಾರನ್ನು ಬೇಸ್‌ಮೆಂಟಿನಿಂದ ಬಯಲಿಗೆ ತನ್ನಿ. ಜಿಪಿಎಸ್‌ನಿಂದ ಟೈಮ್ ತೆಗೆದುಕೊಳ್ಳುವ ಯೂನಿಟ್ ಆದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಸರಿಮಾಡಿಕೊಳ್ಳುತ್ತದೆ. ಫೋನ್ ಬ್ಲೂಟೂತ್‌ಗೆ ಸೇರದಿದ್ದರೆ ಫೋನ್‌ನಲ್ಲೂ ಕಾರಿನಲ್ಲೂ ಹಳೆಯ ಹೆಸರು ಅಳಿಸಿ ಹೊಸದಾಗಿ ಸೇರಿಸಿ.

ಫ್ಯೂಸ್ ನೋಡಿದ ಮೇಲೆ ಕಾರಿನ ಮಾಡೆಲ್, ಬೆಳಿಗ್ಗೆ ಬಂದ ವೋಲ್ಟೇಜ್, ಇವೆರಡನ್ನೂ ಇಲ್ಲಿ ಬರೆಯಿರಿ. ಮುಂದೇನು ಅಂತ ನೋಡೋಣ.