ಸ್ವಿಚ್ ಒತ್ತಿ ನಿಮ್ಮ ಮುಖ ನೋಡುವ ಮಗ

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಎದ್ದ ಗಳಿಗೆಯಿಂದ ಮಲಗುವವರೆಗೆ ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಓಡುತ್ತಾನೆ. ಒಂದು ಕಡೆ ಕೂರುವುದಿಲ್ಲ, ಹೇಳಿದ್ದು ಕೇಳುವುದಿಲ್ಲ, ಆಟಿಕೆಯಲ್ಲಿ ಮನಸ್ಸಿಡುವುದಿಲ್ಲ. ಕಪಾಟಿನ ಬಟ್ಟೆಯನ್ನೆಲ್ಲ ಹೊರಗೆಳೆಯುತ್ತಾನೆ. ಸ್ಟೂಲ್ ಎಳೆದುಕೊಂಡು ಹೋಗಿ, ಅದರ ಮೇಲೆ ಹತ್ತಿ, ಲೈಟಿನ ಸ್ವಿಚ್ ಹಾಕಿ ಆರಿಸಿ ಮಾಡುತ್ತಲೇ ಇರುತ್ತಾನೆ, ಪ್ರತಿ ಸಲವೂ ತಿರುಗಿ ನನ್ನ ಮುಖ ನೋಡುತ್ತಾನೆ. ಅವನು ಮಲಗಿದ ಮೇಲೆ ನಾನು ಫೋನ್ ಹಿಡಿಯುತ್ತೇನೆ. ರೀಲ್ಸ್ ಹಾಕುವ ಒಬ್ಬ ತಾಯಿಯನ್ನು ಫಾಲೋ ಮಾಡುತ್ತಿದ್ದೇನೆ. ಅವಳ ಮಗುವಿಗೂ ಇದೇ ವಯಸ್ಸು. ಬಿಳಿ ಗೋಡೆ, ಕಿಟಕಿಯಿಂದ ಬೀಳುವ ಬೆಳಕು, ಚಾಪೆಯ ಮೇಲೆ ಕೂತು ಮರದ ತುಂಡುಗಳನ್ನು ಜೋಡಿಸುವ ಮಗು, ಪಕ್ಕದಲ್ಲಿ ಮೆಲುದನಿಯಲ್ಲಿ ಮಾತಾಡುವ ಅಮ್ಮ. ಅದೇ ಆಟಿಕೆಯನ್ನು ನಾನೂ ತರಿಸಿದೆ. ನನ್ನ ಮಗ ನಾಲ್ಕು ನಿಮಿಷಕ್ಕೆ ಅದನ್ನು ಮೂಲೆಗೆಸೆದ. ಕಳೆದ ವಾರ, ನಮ್ಮದೂ ಒಂದು ವಿಡಿಯೊ ಮಾಡೋಣ ಅಂತ ಫೋನ್ ನಿಲ್ಲಿಸಿ ಅವನನ್ನು ಕೂರಿಸಿದೆ. ಐದನೇ ಸಲವೂ ಎದ್ದು ಓಡಿದಾಗ ಕಿರುಚಿಬಿಟ್ಟೆ. ಮಗು ಬೆಚ್ಚಿಬಿತ್ತು. ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಅದೆಲ್ಲ ಎಡಿಟ್ ಮಾಡಿದ್ದು ಅಂತ ಗೊತ್ತು, ಆದರೂ ಸಂಕಟವಾಗುತ್ತದೆ. ಗಂಡ ‘ನೋಡಬೇಡ ಬಿಡು’ ಅನ್ನುತ್ತಾರೆ. ನನ್ನ ಮಗನಿಗೆ ಏನಾದರೂ ತೊಂದರೆ ಇದೆಯಾ? ಅಥವಾ ನನಗೇ ತಾಯ್ತನ ಬರುವುದಿಲ್ಲವಾ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎರಡನೇ ಸಲ ಓದುವಾಗ ಕೈಯಲ್ಲಿ ಪೆನ್ಸಿಲ್ ಇತ್ತು. ಆ ಇನ್ನೊಂದು ಮಗುವಿನ ಬಗ್ಗೆ ನೀವು ಬರೆದ ಸಾಲುಗಳಿಗೆ ಗೆರೆ ಎಳೆದೆ. ಗೋಡೆಯ ಬಣ್ಣ, ಬೆಳಕು ಬೀಳುವ ದಿಕ್ಕು, ಚಾಪೆ, ಅಮ್ಮನ ದನಿ ಎಲ್ಲವೂ ಇವೆ, ಓದಿದರೆ ಕಣ್ಣಿಗೆ ಕಟ್ಟುತ್ತವೆ. ಆಮೇಲೆ ನಿಮ್ಮ ಮಗನ ಸಾಲುಗಳನ್ನು ಹುಡುಕಿದೆ. ಕೂರುವುದಿಲ್ಲ, ಕೇಳುವುದಿಲ್ಲ, ಮನಸ್ಸಿಡುವುದಿಲ್ಲ. ಅವನು ಏನು ಮಾಡುವುದಿಲ್ಲ ಅನ್ನುವುದರ ಪಟ್ಟಿಯೇ ಹೆಚ್ಚು. ಒಂದೇ ಒಂದು ಕಡೆ ಅವನು ನನಗೆ ಕಂಡ, ಸ್ವಿಚ್ಚಿನ ಹತ್ತಿರ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅವನು ಅಲ್ಲಿ ಮಾಡಿದ್ದನ್ನು ನಿಧಾನವಾಗಿ ನೋಡೋಣ. ಸ್ವಿಚ್ ಕೈಗೆಟುಕುವುದಿಲ್ಲ ಅನ್ನುವುದು ಅವನಿಗೆ ಗೊತ್ತು. ಸ್ಟೂಲ್ ಹತ್ತಿದರೆ ಎಟುಕುತ್ತದೆ ಅನ್ನುವುದೂ ಗೊತ್ತು. ಆ ಸ್ಟೂಲ್ ಇನ್ನೆಲ್ಲೋ ಇದೆ ಅಂತ ನೆನಪಿಟ್ಟುಕೊಂಡು, ಹೋಗಿ, ಎಳೆದು ತಂದು, ಗೋಡೆಗೆ ತಾಗಿಸಿ, ಬೀಳದ ಹಾಗೆ ಹತ್ತಿ ನಿಂತಿದ್ದಾನೆ. ಒತ್ತಿದ್ದು ಇಲ್ಲಿ, ಬೆಳಕು ಹೊತ್ತಿಕೊಂಡದ್ದು ಅಲ್ಲಿ, ತಲೆಯ ಮೇಲೆ. ನಡುವೆ ಕಣ್ಣಿಗೆ ಕಾಣುವ ದಾರವೂ ಇಲ್ಲ, ಕೋಲೂ ಇಲ್ಲ. ಎರಡು ವರ್ಷದ ಮಗುವಿಗೆ ಇದು ಸಣ್ಣ ಬೆರಗಲ್ಲ. ಮತ್ತೆ ಒತ್ತಿದರೆ ಮತ್ತೆ ಹಾಗೇ ಆಗುತ್ತದಾ? ಹತ್ತನೇ ಸಲವೂ ಆಗುತ್ತದಾ? ಅದನ್ನೇ ಅವನು ಪರೀಕ್ಷೆ ಮಾಡುತ್ತಿದ್ದಾನೆ. ‘ಒಂದು ಕಡೆ ಕೂರದ’ ಹುಡುಗ ಒಂದೇ ಕೆಲಸವನ್ನು ಅಷ್ಟು ಸಲ ಮಾಡಿದ್ದಾನೆ ಅಂದರೆ ಅವನ ಮನಸ್ಸು ಅಲ್ಲಿ ಪೂರ್ತಿ ನೆಟ್ಟಿತ್ತು.

ಮತ್ತೆ, ಪ್ರತಿ ಸಲವೂ ತಿರುಗಿ ನಿಮ್ಮ ಮುಖ ನೋಡಿದ. ನೀವು ದೂರಿನ ಕೊನೆಗೆ ಸೇರಿಸಿದ ಈ ಮಾತನ್ನು ಓದಿದಾಗ ನನಗೆ ದೊಡ್ಡ ಸಮಾಧಾನವಾಯಿತು. ತಾನು ಕಂಡದ್ದನ್ನು ಇನ್ನೊಬ್ಬರೂ ಕಂಡರಾ ಅಂತ ತಿರುಗಿ ನೋಡುವುದು, ಬೆರಳು ತೋರಿಸುವುದು, ಕೈಯಲ್ಲಿದ್ದದ್ದನ್ನು ತಂದು ತೋರಿಸುವುದು, ಈ ವಯಸ್ಸಿನ ಮಕ್ಕಳ ಬೆಳವಣಿಗೆಯನ್ನು ಅಳೆಯುವಾಗ ವೈದ್ಯರು ಮೊದಲು ಹುಡುಕುವ ವಿಷಯಗಳಲ್ಲಿ ಇವೂ ಸೇರಿವೆ. ನೀವು ನನ್ನೆದುರು ಕೂತಿದ್ದರೆ ನಾನೂ ಇದನ್ನೇ ಮೊದಲು ಕೇಳುತ್ತಿದ್ದೆ.

ಪತ್ರ ಓದಿ ಮಗುವಿಗೆ ತೊಂದರೆ ಇದೆ ಅಂತಲೂ ಇಲ್ಲ ಅಂತಲೂ ತೀರ್ಮಾನ ಹೇಳಬಾರದು, ನಾನು ಹೇಳುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಎರಡೆರಡು ಪದ ಕೂಡಿಸಿ ಮಾತಾಡುವುದು ಇನ್ನೂ ಶುರುವಾಗಿರದಿದ್ದರೆ, ಮೊದಲು ಆಡುತ್ತಿದ್ದ ಮಾತು ಈಗ ನಿಂತುಹೋಗಿದ್ದರೆ, ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾ ಪದೇ ಪದೇ ಎಚ್ಚರಗೊಳ್ಳುತ್ತಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಇವ್ಯಾವುದೂ ಇಲ್ಲ, ಬರೀ ಓಡಾಟ ಅಂತಾದರೆ, ‘ಹೈಪರ್ ಆಕ್ಟಿವ್’ ಅನ್ನುವ ಚೀಟಿಯನ್ನು ನೀವಾಗಿಯೇ ಅವನಿಗೆ ಅಂಟಿಸಬೇಡಿ, ಬೇರೆಯವರು ಅಂಟಿಸಲೂ ಬಿಡಬೇಡಿ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆಯ ಪತ್ತೆಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಕೂಡ 4 ವರ್ಷ ತುಂಬಿದ ಮಕ್ಕಳಿಂದಲೇ ಶುರುವಾಗುತ್ತದೆ. ಎರಡು ವರ್ಷದ ಮಗು ಚಂಚಲವಾಗಿರುವುದು ಆ ವಯಸ್ಸಿನ ಸಹಜ ಸ್ಥಿತಿ. ಅದರಲ್ಲಿ ರೋಗ ಯಾವುದು, ವಯಸ್ಸು ಯಾವುದು ಅಂತ ಬಿಡಿಸುವುದು ಪಳಗಿದ ವೈದ್ಯರಿಗೂ ಕಷ್ಟ.

ಎಷ್ಟು ಓಡಿದರೆ ಹೆಚ್ಚು ಅಂತ ನೀವು ಕೇಳಬಹುದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳನ್ನು ಅವರ ಪಾಡಿಗೆ ಆಡಲು ಬಿಟ್ಟು ಹೆಜ್ಜೆ ಎಣಿಸಿದ್ದರು. 2012ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳುವುದು. ಅದು ಒಂದೇ ಗಂಟೆಗೆ, ಅದೂ ನಿಮ್ಮ ಮಗನಿಗಿಂತ ಚಿಕ್ಕ ಮಕ್ಕಳದ್ದು. ಯಾರೂ ಹುರಿದುಂಬಿಸದಿದ್ದರೂ, ಬಿದ್ದು ಬಿದ್ದು ಎದ್ದು ಮತ್ತೆ ಹೊರಡುವ ದೇಹ ಅದು. ಇಷ್ಟು ಚಿಕ್ಕ ಮಕ್ಕಳು ದಿನಕ್ಕೆ ಕಡಿಮೆ ಅಂದರೂ 180 ನಿಮಿಷ ಮೈಯಾಡಿಸಬೇಕು, ಗಾಡಿಯಲ್ಲೋ ಕುರ್ಚಿಯಲ್ಲೋ ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಅಂದರೆ ನೀವು ತಪ್ಪು ಅಂದುಕೊಂಡದ್ದನ್ನೇ ಅವರು ಮಾಡಿಸಿ ಅನ್ನುತ್ತಿದ್ದಾರೆ.

ಇನ್ನು ಕೆಲವು ಮಕ್ಕಳು ಉಳಿದವರಿಗಿಂತ ಚುರುಕಾಗಿಯೇ ಹುಟ್ಟುತ್ತವೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ಮಕ್ಕಳನ್ನು ಎಳೆತನದಿಂದಲೇ ಗಮನಿಸಲು ಶುರು ಮಾಡಿ, ಅವರು ದೊಡ್ಡವರಾಗುವವರೆಗೂ ಹಿಂಬಾಲಿಸಿದರು. ಅವರು ಗುರುತಿಸಿದ ಒಂಬತ್ತು ಸ್ವಭಾವ ಲಕ್ಷಣಗಳಲ್ಲಿ ಚಟುವಟಿಕೆಯ ಮಟ್ಟವೂ ಒಂದು. ಅದು ಮೊದಲ ತಿಂಗಳುಗಳಿಂದಲೇ ಕಾಣಿಸಿಕೊಳ್ಳುತ್ತದೆ, ತಾಯಿ ಬೆಳೆಸಿದ ರೀತಿಗೆ ಸಿಗುವ ಅಂಕವಲ್ಲ. ಆ ರೀಲಿನ ಮಗು ಚಾಪೆಯ ಮೇಲೆ ಕೂತದ್ದು ಅವಳ ಮೆಲುದನಿಯಿಂದಲೇ ಅಂತ ನೀವು ನಂಬಿಬಿಟ್ಟಿದ್ದೀರಿ. ಕೂರುವ ಮಗು ಹುಟ್ಟಿದ್ದರಿಂದ ದನಿ ಮೆಲ್ಲಗಿರಲು ಸಾಧ್ಯವಾಗಿರಬಹುದು ಅಂತ ಒಮ್ಮೆ ತಿರುಗಿಸಿ ಯೋಚಿಸಿ ನೋಡಿ.

ಈಗ ಫೋನಿನ ವಿಷಯ. ದೂರದ ಬೆಟ್ಟ ನುಣ್ಣಗೆ ಅಂತ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಎಡಿಟ್ ಮಾಡಿದ್ದು ಅಂತ ನೀವೇ ಬರೆದಿದ್ದೀರಿ, ಗೊತ್ತಿದ್ದೂ ಸಂಕಟವಾಗುತ್ತದೆ ಅಂತಲೂ ಬರೆದಿದ್ದೀರಿ. ಅದು ನಿಮ್ಮ ಬಲಹೀನತೆಯಲ್ಲ. ಮನುಷ್ಯರು ತಮ್ಮನ್ನು ಅಳೆದುಕೊಳ್ಳುವುದು ತಮ್ಮಂಥವರ ಜೊತೆಗೇ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲೇ ಬರೆದಿದ್ದರು. ಅರಮನೆಯ ರಾಣಿಯ ಫೋಟೊ ನೋಡಿದರೆ ನಿಮಗೆ ಏನೂ ಅನ್ನಿಸುವುದಿಲ್ಲ. ನಿಮ್ಮದೇ ವಯಸ್ಸಿನ, ಮನೆಯಲ್ಲೇ ಇರುವ, ಅಷ್ಟೇ ತಿಂಗಳ ಮಗುವಿರುವ ಹೆಂಗಸನ್ನು ನೋಡಿದರೆ ಚುಚ್ಚುತ್ತದೆ. ನೀವು ಅವಳ ಒಂದು ವಿಡಿಯೊದ ಮೇಲೆ ಬೆರಳು ತಡೆದು ನಿಂತರೆ ಸಾಕು, ಅಂಥವೇ ಇನ್ನೂ ಹತ್ತು ನಿಮ್ಮ ಮುಂದೆ ಬರುತ್ತವೆ. ಚುಚ್ಚಿಸಿಕೊಂಡ ಜಾಗಕ್ಕೇ ಮತ್ತೆ ಮತ್ತೆ ಚುಚ್ಚುವ ಏರ್ಪಾಡು ಅದು.

‘ನೋಡಬೇಡ ಬಿಡು’ ಅನ್ನುವ ನಿಮ್ಮವರ ಮಾತು ಪ್ರೀತಿಯಿಂದ ಬಂದದ್ದೇ ಇರಬಹುದು, ಸಾಲದು. ನೀವು ಫೋನ್ ಹಿಡಿಯುವ ಹೊತ್ತು ಯಾವುದು? ಮಗು ಮಲಗಿದ ಮೇಲೆ, ಮನೆಯೆಲ್ಲ ಸದ್ದಡಗಿದ ಮೇಲೆ. ಇಡೀ ದಿನ ದೊಡ್ಡವರ ಜೊತೆ ನಾಲ್ಕು ಮಾತು ಪೂರ್ತಿ ಆಡಲು ಆಗದವಳು ಆ ಹೊತ್ತಿನಲ್ಲಿ ಇನ್ನೊಬ್ಬ ತಾಯಿಯ ಮುಖ ಹುಡುಕುತ್ತಾಳೆ. ನಿಮಗೆ ಜೊತೆ ಬೇಕಿತ್ತು, ಸಿಕ್ಕಿದ್ದು ಪ್ರದರ್ಶನ. ಜೊತೆಯ ಕೊರತೆ ಹಾಗೇ ಉಳಿದರೆ ಆ ಆಪ್ ತೆಗೆದು ಹಾಕಿದರೂ ಎರಡು ದಿನಕ್ಕೆ ವಾಪಸ್ ಬರುತ್ತೀರಿ. ಆ ಒಬ್ಬಳನ್ನು ಇವತ್ತೇ ಅನ್‌ಫಾಲೋ ಮಾಡಿ, ಅದಕ್ಕೆ ಒಂದು ನಿಮಿಷ ಸಾಕು. ಆದರೆ ಅದರ ಜೊತೆಗೇ, ಚಿಕ್ಕ ಮಗುವಿರುವ ಒಬ್ಬ ಗೆಳತಿಯನ್ನು ಅವಳ ಮನೆ ಇರುವ ಹಾಗೇ ಇರುವಾಗ ಹೋಗಿ ನೋಡಿ. ಅವಳನ್ನು ನಿಮ್ಮ ಮನೆಗೂ ಕರೆಯಿರಿ, ಕರೆಯುವ ಮುಂಚೆ ಏನನ್ನೂ ಎತ್ತಿಡಬೇಡಿ. ಗಂಡನಿಗೆ ಈ ಪುಟ ಓದಿಸಿ. ದಿನಕ್ಕೆ ಒಂದು ಗಂಟೆ ಮಗನನ್ನು ಅವರು ಹೊರಗೆ ಕರೆದುಕೊಂಡು ಹೋಗಿ ಓಡಾಡಿಸಲಿ, ಆ ಗಂಟೆಯಲ್ಲಿ ನೀವು ಮನೆಗೆಲಸ ಮಾಡಬೇಡಿ.

ಆ ವಿಡಿಯೊ ಮಾಡಿದ ದಿನದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಿರುಚಿದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅದಕ್ಕೆ ಮುಂಚಿನದು. ಆ ಹೊತ್ತು ನೀವು ಮಗನನ್ನು ನಿಮ್ಮ ಕಣ್ಣಿಂದ ನೋಡುತ್ತಿರಲಿಲ್ಲ. ಗುರುತು ಪರಿಚಯ ಇಲ್ಲದ ನೋಡುಗರ ಕಣ್ಣಿಂದ ನೋಡುತ್ತಿದ್ದಿರಿ. ‘ಇವನು ಏನು ಮಾಡುತ್ತಿದ್ದಾನೆ’ ಅನ್ನುವ ಜಾಗದಲ್ಲಿ ‘ಇದು ಹೇಗೆ ಕಾಣುತ್ತದೆ’ ಬಂದು ಕೂತಿತ್ತು. ಫೋನ್ ಕೈಯಲ್ಲಿ ಇಲ್ಲದಾಗಲೂ ಈ ಕಣ್ಣು ಉಳಿದುಬಿಡುತ್ತದೆ. ಸ್ವಿಚ್ ಹತ್ತಿರ ನಿಂತ ಮಗ ತುಂಟನಾಗಿ ಕಂಡದ್ದು ಇದರಿಂದಲೇ. ಹಾಗಾಗಿ ಕೆಲವು ತಿಂಗಳ ಮಟ್ಟಿಗೆ ಅವನ ವಿಡಿಯೊ ಮಾಡುವುದನ್ನೇ ನಿಲ್ಲಿಸಿ ಅಂತ ಕೇಳಿಕೊಳ್ಳುತ್ತೇನೆ.

ಕಿರುಚಿದ್ದು ಆಗಿಹೋಯಿತು. ಅದರಿಂದ ಮಗುವಿನ ಬಾಳು ಹಾಳಾಯಿತು ಅಂತ ಅಳುತ್ತಾ ಕೂರಬೇಡಿ. ತಾಯಿ ಮತ್ತು ಎಳೆಗೂಸುಗಳ ಒಡನಾಟವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಎಡ್ವರ್ಡ್ ಟ್ರಾನಿಕ್ ಕಂಡದ್ದು ಇದು: ಚೆನ್ನಾಗಿರುವ ಜೋಡಿಗಳಲ್ಲೂ ಇಬ್ಬರ ತಾಳ ಕೂಡಿ ಬರುವುದು ಸುಮಾರು 30 ಪ್ರತಿಶತ ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಸರಿಮಾಡಿಕೊಳ್ಳುವುದು, ಮತ್ತೆ ತಪ್ಪುವುದು. ಸರಿಮಾಡಿಕೊಳ್ಳುವುದನ್ನು ಮಗು ಕಲಿಯುವುದು ಅಲ್ಲಿಯೇ. ಮುಂದಿನ ಸಲ ಹೀಗಾದರೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಳ್ಳಿ, ಆಮೇಲೆ ಹೊರಗೆ ಬಂದು ಅವನ ಎತ್ತರಕ್ಕೆ ಕೂತು ಹೇಳಿ: ‘ಅಮ್ಮ ಜೋರಾಗಿ ಕಿರುಚಿದೆ. ನಿನಗೆ ಹೆದರಿಕೆ ಆಯ್ತು. ನಿನ್ನ ತಪ್ಪಲ್ಲ, ಕಂದ.’ ಅಷ್ಟು ಸಾಕು, ಉದ್ದದ ಭಾಷಣ ಅವನಿಗೆ ಅರ್ಥವಾಗುವುದಿಲ್ಲ. ಆದರೆ ದಿನಾ ಅಳು ಬರುತ್ತಿದ್ದರೆ, ಮಗು ಮಲಗಿದರೂ ನಿಮಗೆ ನಿದ್ದೆ ಹತ್ತದಿದ್ದರೆ, ಯಾವುದರಲ್ಲೂ ಖುಷಿ ಇಲ್ಲ ಅನ್ನಿಸುತ್ತಿದ್ದರೆ, ಕೈ ಮೇಲೇಳುತ್ತಿದೆ ಅನ್ನಿಸಿದರೆ, ಆಗ ವೈದ್ಯರನ್ನು ಕಾಣಬೇಕಾದವರು ನೀವು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ದಯವಿಟ್ಟು ಮುಂದೂಡಬೇಡಿ.

ಮನೆಯ ವಿಷಯದಲ್ಲಿ ಸಣ್ಣದೊಂದು ಕೆಲಸ. ಒಂದು ಬೆಳಗ್ಗೆ ಅವನಿಗೆ ‘ಬೇಡ’ ಅಂತ ಎಷ್ಟು ಸಲ ಹೇಳುತ್ತೀರಿ ಅಂತ ಎಣಿಸಿ. ಆಮೇಲೆ ಕಪಾಟನ್ನು ಗೋಡೆಗೆ ಬಿಗಿಯಿರಿ, ಪ್ಲಗ್ಗಿನ ತೂತುಗಳನ್ನು ಮುಚ್ಚಿಸಿ, ಒಡೆಯುವಂಥದ್ದನ್ನು ಮೇಲಕ್ಕೆ ಸಾಗಿಸಿ. ಕಪಾಟಿನ ಕೆಳಗಿನ ಒಂದು ಖಾನೆಯನ್ನು ಅವನಿಗೇ ಬಿಟ್ಟುಕೊಡಿ, ಹಳೆ ಬಟ್ಟೆ ತುಂಬಿಡಿ, ಎಳೆದು ಹಾಕಲಿ. ಬೆಂಕಿ, ಎತ್ತರ, ರಸ್ತೆ ಇಂಥವಕ್ಕೆ ಮಾತ್ರ ‘ಬೇಡ’ ಉಳಿಯಲಿ, ಆಗ ಆ ಮಾತಿಗೆ ತೂಕ ಬರುತ್ತದೆ. ಬಟ್ಟೆ ತುಂಬಿದ ಬುಟ್ಟಿಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ತಳ್ಳಲು ಹೇಳಿ, ನೆಲದ ಮೇಲೆ ದಿಂಬು ಹಾಸಿ ಹಾರಲು ಬಿಡಿ. ಭಾರ ಎಳೆಯುವುದು, ತಳ್ಳುವುದು ಇಂಥ ಮಕ್ಕಳಿಗೆ ಎಷ್ಟು ಹಿತ ಅಂದರೆ, ಅದಾದ ಮೇಲೆ ತಾವಾಗಿಯೇ ಬಂದು ತೊಡೆ ಮೇಲೆ ಕೂರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಆ ಮರದ ಆಟಿಕೆಯನ್ನು ಎತ್ತಿಡಿ, ಆರು ತಿಂಗಳು ಬಿಟ್ಟು ತೆಗೆಯಿರಿ. ನಾಲ್ಕು ನಿಮಿಷ ಅದರ ಜೊತೆ ಆಡಿದ್ದಾನಲ್ಲ, ಎರಡು ವರ್ಷಕ್ಕೆ ಅದು ಕಡಿಮೆಯೇನಲ್ಲ.

ಕೊನೆಗೆ ನನ್ನದೊಂದು ಕೋರಿಕೆ. ನಾಳೆ ಹತ್ತು ನಿಮಿಷ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ನೆಲದ ಮೇಲೆ ಕೂತು ಅವನನ್ನು ನೋಡಿ. ಕಲಿಸಬೇಡಿ, ತಿದ್ದಬೇಡಿ. ಅವನು ಮತ್ತೆ ಸ್ಟೂಲ್ ಎಳೆದುಕೊಂಡು ಹೊರಟರೆ ಹಿಂದೆಯೇ ಹೋಗಿ, ಬೀಳದ ಹಾಗೆ ಬೆನ್ನ ಹತ್ತಿರ ಕೈ ಇಟ್ಟು ನಿಲ್ಲಿ. ಸ್ವಿಚ್ ಒತ್ತಿ ನಿಮ್ಮ ಕಡೆ ತಿರುಗುತ್ತಾನಲ್ಲ, ಆಗ ‘ಹೊತ್ತಿಕೊಳ್ತಾ?’ ಅಂತ ಕೇಳಿ. ಅವನ ಮುಖದಲ್ಲಿ ಏನು ಕಂಡಿತು ಅಂತ ನನಗೆ ಬರೆದು ಕಳಿಸಿ. ಆ ಪತ್ರದಲ್ಲಿ ಬೇರೆ ಯಾವ ಮಗುವೂ ಇರಬಾರದು.