ಕೊರಿಯಾದಲ್ಲಿ ಚಿಕ್ಕ ವಯಸ್ಸಿಗೇ ರಾಣಿಯಾದವರ ಬದುಕು ನಿಜಕ್ಕೂ ಹೇಗಿತ್ತು?

ಧಾರಾವಾಹಿಗಳಲ್ಲಿ ಕಾಣುವಷ್ಟು ರೇಷ್ಮೆ, ವೈಭೋಗ ಎಲ್ಲರ ಪಾಲಿಗೂ ಇರಲಿಲ್ಲ. ಜೊಸೊನ್ ವಂಶದಲ್ಲಿ ರಾಣಿಯಾಗುವುದೆಂದರೆ ತವರಿನ ರಾಜಕೀಯವನ್ನೂ ಹೆಗಲಿಗೇರಿಸಿಕೊಂಡಂತೆ. ಗಂಡನ ಗದ್ದುಗೆ ಅಲುಗಾಡಿದರೆ ಇವಳ ಪಾಡು ಕೇಳುವವರೇ ಇಲ್ಲ.

ಜೊಂಗ್‌ಸುನ್ ರಾಣಿಯನ್ನೇ ನೋಡಿ. ಸೊಂಗ್ ಮನೆತನದವಳು, ಹುಟ್ಟಿದ್ದು 1440ರಲ್ಲಿ. 1454ರಲ್ಲಿ ದೊರೆ ದಾನ್‌ಜೊಂಗ್ ಜೊತೆ ಮದುವೆಯಾಯಿತು. ಅವನು ಅವಳಿಗಿಂತ ಒಂದು ವರ್ಷ ಚಿಕ್ಕವನು. ಮರುವರ್ಷವೇ ಅವನ ಚಿಕ್ಕಪ್ಪ ಸೆಜೊ ಸಿಂಹಾಸನ ಕಿತ್ತುಕೊಂಡ. 1457ರಲ್ಲಿ ದಾನ್‌ಜೊಂಗ್‌ನನ್ನು ದೂರದ ಯೊಂಗ್‌ವೊಲ್‌ಗೆ ಗಡೀಪಾರು ಮಾಡಿದರು. ಸೋಲ್‌ನ ಚೊಂಗ್ಯೆಚೊನ್ ಹೊಳೆಯ ಸೇತುವೆಯೊಂದರ ಮೇಲೆ ಗಂಡ ಹೆಂಡತಿ ಬೇರೆಯಾದರೆಂಬ ಪ್ರತೀತಿ ಇದೆ. ಅದೇ ವರ್ಷ ಅವನು ಸತ್ತ, ವಯಸ್ಸು 16.

ಇವಳು ಮಾತ್ರ 1521ರವರೆಗೆ ಬದುಕಿದಳು! ರಾಣಿಪಟ್ಟ ಹೋಗಿತ್ತು. ಊರಿನ ಪೂರ್ವ ಬಾಗಿಲಿನಾಚೆ ವಾಸ, ಬಟ್ಟೆಗೆ ನೇರಳೆ ಬಣ್ಣ ಹಾಕಿ ಹೊಟ್ಟೆ ಹೊರೆದಳಂತೆ. ಅವಳು ಬಟ್ಟೆ ಅದ್ದುತ್ತಿದ್ದ ಬುಗ್ಗೆ ಎಂದು ಜನ ಈಗಲೂ ಒಂದು ಜಾಗ ತೋರಿಸುತ್ತಾರೆ. ಸುತ್ತಲಿನ ಹೆಂಗಸರು ಕಾವಲುಗಾರರ ಕಣ್ಣು ತಪ್ಪಿಸಿ ಅವಳಿಗೆ ತರಕಾರಿ ಮುಟ್ಟಿಸಲೆಂದೇ ಸಂತೆ ಕಟ್ಟಿದರು ಎಂಬ ಕಥೆಯೂ ಇದೆ. ದಾಖಲೆಗಿಂತ ಜನರ ಬಾಯಲ್ಲೇ ಇವಳು ಹೆಚ್ಚು ಉಳಿದಿದ್ದಾಳೆ ಅನ್ನಿಸುತ್ತದೆ.

ದೊರೆ ಸುಕ್‌ಜೊಂಗ್ ಇಬ್ಬರ ಪಟ್ಟವನ್ನೂ ಮರಳಿ ಕೊಟ್ಟಿದ್ದು 1698ರಲ್ಲಿ, ಅಂದರೆ ಅವಳು ಸತ್ತು 177 ವರ್ಷವಾದ ಮೇಲೆ. ಸಮಾಧಿಗಳು ಈಗಲೂ ಬೇರೆ ಬೇರೆ: ಅವಳದು ನಮ್ಯಾಂಗ್‌ಜುವಿನಲ್ಲಿ, ಅವನದು ಯೊಂಗ್‌ವೊಲ್‌ನಲ್ಲಿ. ಎರಡೂ 2009ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ.