ವಾಹನ ಸಂದೇಹ: ಜ್ಯಾಕ್ ಎತ್ತಿದಾಗ ಅಡಗುವ ಸದ್ದು

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಮನೆಮಂದಿಯೆಲ್ಲ ಓಡಾಡುವ ಎಸ್‌ಯುವಿ ಸುಮಾರು 70,000 ಕಿ.ಮೀ. ಓಡಿದೆ. ನಾಲೆ ಏರಿಯ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಮುಂದಿನ ಎಡ ಚಕ್ರದ ಬಳಿ ‘ಕಟ ಕಟ’ ಎಂಬ ಸದ್ದು ಬರುತ್ತದೆ. ಊರೊಳಗಿನ ಹಂಪ್‌ಗಳ ಮೇಲೆ ಅಷ್ಟಾಗಿ ಕೇಳಿಸುವುದಿಲ್ಲ, ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಂತೂ ಇಲ್ಲವೇ ಇಲ್ಲ. ಗ್ಯಾರೇಜಿನಲ್ಲಿ ಆ ಚಕ್ರಕ್ಕೆ ಜ್ಯಾಕ್ ಕೊಟ್ಟು ಅಲ್ಲಾಡಿಸಿ ನೋಡಿ, ಯಾವುದೂ ಸಡಿಲವಾಗಿಲ್ಲ, ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿಬಿಡಿ ಎಂದಿದ್ದಾರೆ. ಬದಲಿಸಬಹುದೇ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಡಿಕ್ಕಿಯಲ್ಲಿರುವ ಜ್ಯಾಕ್, ಪಾನಾ, ಸ್ಟೆಪ್ನಿಗಳನ್ನು ಭದ್ರಪಡಿಸಿ ಅದೇ ರಸ್ತೆಯಲ್ಲಿ ಒಮ್ಮೆ ಹೋಗಿಬನ್ನಿ. ಸದ್ದು ಮುಂದಿನಿಂದ ಬಂದಂತೆ ಕೇಳಿಸಿ ಹಿಂದೆ ಹುಟ್ಟಿರುವುದೂ ಉಂಟು. ಹಾಗೆಯೇ ಸದ್ದು ಬರುತ್ತಿರುವಾಗ ಬ್ರೇಕ್ ಪೆಡಲನ್ನು ಹಗುರವಾಗಿ ಒತ್ತಿ ನೋಡಿ. ಒತ್ತಿದ ಕೂಡಲೇ ಸದ್ದು ನಿಂತರೆ ಅದು ಸಸ್ಪೆನ್ಷನ್ನಿನದಲ್ಲ, ಬ್ರೇಕ್ ಪ್ಯಾಡ್ ಅಥವಾ ಅದನ್ನು ಹಿಡಿದಿರುವ ಕ್ಯಾಲಿಪರಿನ ಪಿನ್ ಸಡಿಲವಾಗಿರುವ ಸಾಧ್ಯತೆಯೇ ಹೆಚ್ಚು.

ಈ ಎರಡೂ ಅಲ್ಲವೆಂದಾದರೆ ನನ್ನ ಅನುಮಾನ ಸ್ಟೆಬಿಲೈಸರ್ ಬಾರಿನ ತುದಿಯನ್ನು ಚಕ್ರದ ಕಡೆಯ ಸಸ್ಪೆನ್ಷನ್ನಿಗೆ ಸೇರಿಸುವ ಲಿಂಕ್ ರಾಡ್ ಮೇಲೆ, ಮತ್ತು ಅದಕ್ಕೆ ಕಾರಣ ನಿಮ್ಮ ಪತ್ರದಲ್ಲಿಯೇ ಇದೆ. ಎಡ–ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್, ರಸ್ತೆಯಗಲಕ್ಕೂ ಇರುವ ಹಂಪ್ ಮೇಲೆ ಎರಡೂ ಚಕ್ರಗಳು ಒಟ್ಟಿಗೆ ಏರಿದಾಗ ತನ್ನನ್ನು ಹಿಡಿದಿರುವ ರಬ್ಬರ್ ಬುಷ್‌ಗಳೊಳಗೆ ಸುಮ್ಮನೆ ತಿರುಗಿಕೊಳ್ಳುತ್ತದೆಯೇ ಹೊರತು ಹೆಚ್ಚು ತಿರುಚಿಕೊಳ್ಳುವುದಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಒಂದು ಬದಿ ತಗ್ಗು, ಇನ್ನೊಂದು ಬದಿ ದಿಣ್ಣೆಯಾಗಿರುವ ಏರಿ ರಸ್ತೆಯಲ್ಲಾದರೋ ಒಂದು ಚಕ್ರ ಏರುವಾಗ ಮತ್ತೊಂದು ಇಳಿಯುತ್ತದೆ. ಆಗ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಕ್ಷಣಕ್ಕೊಮ್ಮೆ ಎಳೆದು ತಳ್ಳುತ್ತದೆ. ಅದರ ತುದಿಯ ಗುಂಡು ಕೀಲು ಸವೆದಿದ್ದರೆ ಹೊರಡುವುದು ನೀವು ಹೇಳಿದ ಸದ್ದೇ.

ಹಾಗಿದ್ದರೆ ಗ್ಯಾರೇಜಿನಲ್ಲಿ ಏಕೆ ಸಿಗಲಿಲ್ಲ? ಒಂದೇ ಚಕ್ರವನ್ನು ಎತ್ತಿದಾಗ ಅದು ಕೆಳಗೆ ಜೋಲುತ್ತದೆ, ಇನ್ನೊಂದು ನೆಲದ ಮೇಲೆಯೇ ಭಾರ ಹೊತ್ತಿರುತ್ತದೆ. ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದು ಹಿಡಿಯುವುದರಿಂದ ಸವೆದ ಕೀಲು ಕೂಡ ಹೊಸದರಂತೆ ಗಟ್ಟಿಯಾಗಿ ತೋರುತ್ತದೆ. ಆದ್ದರಿಂದ ಎರಡೂ ಮುಂದಿನ ಚಕ್ರಗಳನ್ನು ಒಟ್ಟಿಗೆ ಲಿಫ್ಟ್ ಮೇಲೆ ಎತ್ತಿಸಿ, ಲಿಂಕನ್ನು ಮುಷ್ಟಿಯಲ್ಲಿ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಜಗ್ಗಿ ನೋಡಲು ಹೇಳಿ; ಬೆರಳಿಗೆ ‘ಟಕ್’ ಎಂದು ತಗುಲಿದರೆ ಅಥವಾ ರಬ್ಬರ್ ಟೋಪಿ ಹರಿದು ಒಳಗಿನ ಗ್ರೀಸ್ ಕೆಸರಾಗಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಅನುಮಾನ ಉಳಿದರೆ ಎರಡೂ ಲಿಂಕ್ ಬಿಚ್ಚಿ, ಬಾರಿನ ತುದಿಗಳು ಎಲ್ಲಿಯೂ ತಾಗದಂತೆ ಕಟ್ಟಿ, ಮೆಕ್ಯಾನಿಕ್ ಜೊತೆಯಲ್ಲಿ ಅದೇ ಬಗೆಯ ರಸ್ತೆಯಲ್ಲಿ ಸ್ವಲ್ಪ ದೂರ ನಿಧಾನವಾಗಿ ಓಡಿಸಿ ನೋಡಬಹುದು. ಬಾರ್ ಇಲ್ಲದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆಯಾದ್ದರಿಂದ ವೇಗ ಖಂಡಿತ ಬೇಡ. ಲಿಂಕ್‌ಗಳನ್ನು ಜೋಡಿಯಾಗಿಯೇ ಬದಲಿಸುವುದು ಮೇಲು, ಬಾರಿನ ಬುಷ್‌ಗಳನ್ನೂ ಆಗಲೇ ನೋಡಿಸಿ. ಈ ಕೆಲಸಕ್ಕೆ ವೀಲ್ ಅಲೈನ್‌ಮೆಂಟ್ ಬೇಕಾಗುವುದಿಲ್ಲ.

ಶಾಕ್ ಅಬ್ಸಾರ್ಬರ್ ಕೆಟ್ಟಿದ್ದರೆ ಅದರ ಮೈಮೇಲೆ ಎಣ್ಣೆ ಇಳಿದಿರುತ್ತದೆ, ಹಂಪ್ ದಾಟಿದ ಮೇಲೂ ಗಾಡಿ ಎರಡು ಮೂರು ಬಾರಿ ತೂಗುತ್ತದೆ, ಟೈರ್ ಅಲ್ಲಲ್ಲಿ ಕುಳಿ ಬಿದ್ದಂತೆ ಸವೆಯುತ್ತದೆ. ಇವುಗಳಲ್ಲಿ ಒಂದೂ ಇಲ್ಲದೆ ಬರಿಯ ಸದ್ದಿಗೆ ಹೆದರಿ ದುಬಾರಿ ಭಾಗದಿಂದ ಆರಂಭಿಸುವುದು ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಮುಂದಿನಿಂದ ‘ಟಂಗ್’ ಎಂದು ಏನೋ ಜಿಗಿದಂತೆ ಸದ್ದಾಗುತ್ತದೆ. ಗ್ರೀಸ್ ಹಾಕಿದರೆ ಸಾಕೇ?

ಉತ್ತರ: ಸಾಲದು. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದಾಗಿರುವ ಸ್ಟ್ರಟ್‌ನ ಮೇಲ್ತುದಿಯಲ್ಲಿರುವ ಬೇರಿಂಗ್ ಬಿಗಿದುಕೊಂಡಾಗ ಸ್ಪ್ರಿಂಗ್ ಚಕ್ರದ ಜೊತೆ ಸಲೀಸಾಗಿ ತಿರುಗದೆ, ತಡೆದು ತಡೆದು ಒಮ್ಮೆಲೇ ಚಿಮ್ಮುತ್ತದೆ. ಮನೆಯವರೊಬ್ಬರು ಸ್ಟೀರಿಂಗ್ ತಿರುಗಿಸುತ್ತಿರುವಾಗ ಸ್ಪ್ರಿಂಗಿನ ಹೊರಮೈ ಮೇಲೆ ಬೆರಳ ತುದಿ ಇಟ್ಟರೆ ಆ ಜಿಗಿತ ತಿಳಿಯುತ್ತದೆ. ಸುರುಳಿಗಳ ನಡುವೆ ಮಾತ್ರ ಬೆರಳು ಹಾಕಬಾರದು. ದುರಸ್ತಿಗೆ ಸ್ಪ್ರಿಂಗನ್ನು ಸ್ಪ್ರಿಂಗ್ ಕಂಪ್ರೆಸರ್ ಎಂಬ ಸಾಧನದಿಂದ ಅದುಮಿ ಹಿಡಿದ ಬಳಿಕವೇ ಮೇಲಿನ ನಟ್ಟು ಬಿಚ್ಚಬೇಕು. ಆ ನಟ್ಟನ್ನು ಮನೆಯಲ್ಲಿ ಮುಟ್ಟುವ ಸಾಹಸ ಬೇಡ, ಬಿಡುಗಡೆಯಾದ ಸ್ಪ್ರಿಂಗ್ ಮೂಳೆ ಮುರಿಯಬಲ್ಲದು. ಚಲಿಸುತ್ತಾ ಪೂರ್ತಿ ತಿರುಗಿಸಿದಾಗ ಮಾತ್ರ ಚಕ್ರದ ವೇಗಕ್ಕೆ ತಕ್ಕಂತೆ ‘ಟಕ ಟಕ’ ಎನ್ನುವುದಾದರೆ ಅದು ಡ್ರೈವ್ ಶಾಫ್ಟ್‌ನ ಕೀಲಿನ ದೋಷ, ಸಸ್ಪೆನ್ಷನ್ನಿನದಲ್ಲ.

ಪ್ರಶ್ನೆ: ಮದ್ದೂರಿನಲ್ಲಿ, ಚಕ್ರವನ್ನು ಕೆಳಗಿನಿಂದ ಗಾಡಿಗೆ ಜೋಡಿಸುವ ಲೋವರ್ ಆರ್ಮ್‌ನ ಬುಷ್‌ಗಳನ್ನು ಹೊಸದಾಗಿ ಹಾಕಿಸಿದೆ. ಕೆಲವೇ ತಿಂಗಳಿಗೆ ಬ್ರೇಕ್ ಹಿಡಿದಾಗ ಮತ್ತೆ ‘ದಡ್’ ಎನ್ನುತ್ತಿದೆ. ಮಾಲು ನಕಲಿಯೇ?

ಉತ್ತರ: ಇರಬಹುದು, ಆದರೆ ಜೋಡಿಸಿದ ಕ್ರಮವನ್ನೂ ಕೇಳಿ ತಿಳಿಯಿರಿ. ಚಕ್ರ ಜೋಲುತ್ತಿರುವಾಗಲೇ ಬುಷ್‌ನ ಬೋಲ್ಟನ್ನು ಪೂರ್ತಿ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಚಕ್ರಗಳ ಮೇಲೆ ಗಾಡಿಯ ಪೂರ್ತಿ ಭಾರ ಬಿದ್ದ ಮೇಲೆ ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿಯಬೇಕು. ಸದ್ದು ಅಡಗಲೆಂದು ಕೆಲವರು ಸುರಿಯುವ ಹಳೆಯ ಎಂಜಿನ್ ಆಯಿಲ್ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಅದಕ್ಕೆ ಅವಕಾಶ ಕೊಡಬೇಡಿ. ಈ ಬಾರಿ ಆರ್ಮ್‌ನ ತುದಿಯ ಗುಂಡು ಕೀಲಾದ ಬಾಲ್ ಜಾಯಿಂಟನ್ನೂ ಮೀಟಿ ಪರೀಕ್ಷಿಸಲು ಹೇಳಿ, ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.